ಒಳಗಿಂದ ತಿಂದ ಡ್ರಮ್ಮು

ಬೆಳ್ಳಾವಿಯ ದೊಡ್ಡಗಂಗಮ್ಮನ ಮನೆಯ ಗೋಬರ್ ಗ್ಯಾಸಿನ ಗುಂಡಿಯ ಮೇಲೆ ಗ್ಯಾಸು ಹಿಡಿದಿಡುವ ಕಬ್ಬಿಣದ ಡ್ರಮ್ಮು ಎರಡು ವರ್ಷದಲ್ಲಿ ಮೂರನೇ ಸಲ ಸೋರತೊಡಗಿತು. ಹಿಂದಿನ ಎರಡು ಸಲವೂ ತೇಪೆ ಹಾಕಿದ್ದವರು ಗುಬ್ಬಿಯ ವೆಲ್ಡರ್ ಇಸಾಕ್ ಸಾಬರು. ಆಕೆ ಅವರಿಗೆ ಫೋನ್ ಮಾಡಿ, "ಸಾಬ್ರೇ, ಬೇಜಾರ್ ಮಾಡ್ಕೋಬೇಡಿ. ಈ ಸಲ ತುಮಕೂರಿಂದ ಬೇರೆಯವ್ರನ್ನ ಕರುಸ್ತೀನಿ" ಎಂದಳು.

"ಆಗ್ಲಿ ಕಣಮ್ಮ" ಎಂದಷ್ಟೇ ಹೇಳಿ ಸಾಬರು ಫೋನಿಟ್ಟರು. ಮೂವತ್ತೆಂಟು ವರ್ಷ ಪಳಗಿದ ಕೈ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ ಮೇಲೆ ಗಿರಾಕಿಗಳ ನೋಟದಲ್ಲಿ ಅನುಮಾನ ಕಂಡಂತಾಗುತ್ತಿತ್ತು. ಈಗ ಅವರಿಗೇ ತಮ್ಮ ಮೇಲೆ ಅನುಮಾನ ಹುಟ್ಟಿತು. ಹೆಂಡತಿ ಅಖ್ತರ್ ಬಾನು, ಕೊರಗುವ ಬದಲು ಹೋಗಿ ನೋಡಿ ಬರಬಾರದೇ ಎಂದಳು.

ಮರುದಿನ ಬೆಳಿಗ್ಗೆ ಕರೆಯದಿದ್ದರೂ ಹೋದರು. ತುಮಕೂರಿನವರು ಇನ್ನೂ ಬಂದಿರಲಿಲ್ಲ; ಅವರಿಗಾಗಿ ಡ್ರಮ್ಮನ್ನು ಗುಂಡಿಯಿಂದ ಎತ್ತಿ ಬಿಸಿಲಿಗೆ ಮಗುಚಿದ್ದರು. ಸಾಬರು ಮಂಡಿಯೂರಿ ತಮ್ಮ ಹಳೆಯ ಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿದರು. ಗಟ್ಟಿಯಾಗಿತ್ತು. ಒಂದಂಗುಲ ಆಚೆ ತಟ್ಟಿದರೆ ತಗಡು ಹಪ್ಪಳದಂತೆ ಮುರಿಯಿತು. ಒಳಮೈಯಿಂದ ಕರೀ ಚಕ್ಕೆಗಳು ಉದುರಿದವು. ಕೊಳೆತ ಮೊಟ್ಟೆಯ ನಾತ.

"ಅಮ್ಮ, ಅಡಿಗೆಮನೇಲಿ ಬೆಳ್ಳಿ ಸಾಮಾನೇನಾದ್ರೂ ಇದ್ಯಾ?"

"ದೇವ್ರ ದೀಪ ಐತೆ. ಎಷ್ಟ್ ಉಜ್ಜಿದ್ರೂ ವಾರಕ್ಕೇ ಕಪ್ಪಾಯ್ತದೆ. ಯಾಕೆ?"

"ಅದನ್ನ ಕಪ್ ಮಾಡಿದ್ದೇ ಇದನ್ನೂ ತಿಂದಿರೋದು. ಸಗಣಿ ಗ್ಯಾಸಲ್ಲಿ ಗಂಧಕ ಸೇರಿರೋ ಗಾಳಿ ಇರ್ತದೆ. ಅದಕ್ಕೆ ನೀರಿನ ಪಸೆ ಸಿಕ್ರೆ ಕಬ್ಬಿಣನ ಒಳಗಿಂದ್ಲೇ ತಿಂತದೆ. ನಾನು ಮೇಲ್ಗಡೆ ತೇಪೆ ಹಾಕ್ತಾ ಕೂತಿದ್ದೆ. ಹಿಂದೆ ಒಂದ್ ಫ್ಯಾಕ್ಟ್ರಿ ಕೊಳಚೆ ಟ್ಯಾಂಕಲ್ಲೂ ಹಿಂಗೇ ಆಗಿತ್ತು. ಇಲ್ಲಿ ಮೊದಲ್ನೇ ಸಲ ಸೋರ್ದಾಗ್ಲೇ ಹೊಳೀಬೇಕಿತ್ತು ನಂಗೆ."

ದೊಡ್ಡಗಂಗಮ್ಮ ತಲೆ ತಗ್ಗಿಸಿದಳು. "ನಿಮ್ ಕೈ ಸೋತದೆ ಅನ್ಕೊಂಬುಟ್ಟೆ. ನೀವೇ ರಿಪೇರಿ ಮಾಡ್ಕೊಡಿ ಸಾಬ್ರೇ."

ಒಪ್ಪಿಕೊಂಡಿದ್ದರೆ ಒಂದು ವಾರದ ದುಡಿಮೆ ಸಿಗುತ್ತಿತ್ತು. ಸಾಬರು ಅಡ್ಡಡ್ಡ ತಲೆಯಾಡಿಸಿದರು. "ಬ್ಯಾಡಮ್ಮ. ಯಾರ್ ಮಾಡಿದ್ರೂ ಇದು ನಿಲ್ಲಲ್ಲ. ಫೈಬರ್ ಡ್ರಮ್ ಸಿಗ್ತದೆ, ಅದನ್ನ ತರ್ಸಿ. ಈ ಗ್ಯಾಸು ಅದನ್ನ ಮುಟ್ಟಲ್ಲ."

"ಮತ್ತೆ ನಿಮ್ ಕೆಲ್ಸ?"

"ಇದ್ರಲ್ಲಿ ನನ್ ಕೆಲ್ಸ ಇಲ್ಲ."

ಹದಿನೈದು ದಿನಕ್ಕೆ ಫೈಬರ್ ಡ್ರಮ್ಮು ಬಂತು. ಕೂರಿಸುವ ದಿನ ದೊಡ್ಡಗಂಗಮ್ಮ ಹಟ ಹಿಡಿದು ಸಾಬರನ್ನು ಕರೆಸಿಕೊಂಡಳು. ಸಂಜೆ ಒಲೆ ನೀಲಿಯಾಗಿ ಉರಿಯಿತು. ಟೀ ಕುಡಿಯುತ್ತಿದ್ದಾಗ ಪಕ್ಕದ ತೋಟದ ಅನಂತರಾಜು ಬೇಲಿ ಹತ್ತಿರ ಬಂದು, "ನಮ್ ಡ್ರಮ್ಮೂ ಒಂದ್ಸಲ ನೋಡಿ ಸಾಬ್ರೇ. ನೀವು ಹೇಳ್ದಂಗೆ ಮಾಡ್ತೀನಿ" ಎಂದ. ಸಾಬರು ಲೋಟ ಕೆಳಗಿಟ್ಟು ಅವನ ಹಿಂದೆ ಹೊರಟರು.