ಕೈ ತಪ್ಪಿತು ಎಂಬ ಮಾತು

ಕಿಟಕಿಯ ಕಟ್ಟೆಯ ಮೇಲೆ ಬೂದಿ ಕೂತಿದೆ, ಬೆಳಗ್ಗೆ ಯಾರೋ ಒರೆಸಿದ್ದಾರೆ, ಒರೆಸಿದ ಬಟ್ಟೆ ಅಲ್ಲೇ ಮೂಲೆಯಲ್ಲಿ ಮುದುಡಿ ಬಿದ್ದಿದೆ, ಆದರೂ ಮತ್ತೆ ಕೂತಿದೆ, ಪೌಡರಿನಷ್ಟು ನುಣ್ಣಗೆ, ಆಚೆಯ ಹೊಗೆಕೊಳವೆ ನಿಂತಿರುವ ತನಕ ಕೂರುತ್ತಲೇ ಇರುತ್ತದೆ — ಅವಳು ಬೆರಳು ಚಾಚಿದಳು, ಮುಟ್ಟಲಿಲ್ಲ, ಮತ್ತೆ ಮಡಿಲಿಗೆ ಎಳೆದುಕೊಂಡಳು, ಇದೇ ಬೆರಳು, ಬಲಗೈಯ ತೋರುಬೆರಳು, ಪತ್ರಿಕೆಯವರು ಹೆಬ್ಬೆರಳು ಎಂದು ಬರೆದರು, ವ್ಯಂಗ್ಯಚಿತ್ರದಲ್ಲಿ ಅವಳಿಗೆ ಕುಂಬಳಕಾಯಿಯಷ್ಟು ದಪ್ಪ ಹೆಬ್ಬೆರಳು, ಅದರ ಕೆಳಗೆ ನಜ್ಜುಗುಜ್ಜಾದ ಒಂದು ಊರು, ಯಾವ ಬೆರಳಮ್ಮ ಎಂದು ಒಬ್ಬರಾದರೂ ಕೇಳಬಾರದೆ, ಊರು ಮುಳುಗಿಸಿದ ಬೆರಳಿಗೂ ಒಂದು ಮರ್ಯಾದೆ ಬೇಡವೆ. ಗೋಡೆಯ ಆಚೆ ಕುರ್ಚಿಗಳನ್ನು ಎಳೆಯುವ ಸದ್ದು, ಕೆಮ್ಮು, ಮತ್ತೆ ಕುರ್ಚಿ, ಕಾರ್ಮಿಕ ಸಂಘದ ಈ ಸಭಾಂಗಣ ತುಂಬುವ ಸದ್ದು ಅವಳಿಗೆ ಬಾಯಿಪಾಠ, ಹಿಂದಿನ ಸಲ ಇದೇ ವೇದಿಕೆಯ ಹಿಂದಿನ ಕೋಣೆಯಲ್ಲಿ ಕೂತಿದ್ದಾಗ ಅಲ್ಲಿಂದ ಮನೆ ಮಗಳು, ಮನೆ ಮಗಳು ಎಂಬ ಕೂಗು, ಚುನಾವಣೆ ಗೆದ್ದಿದ್ದೇ ಆ ಎರಡು ಮಾತಿನಿಂದ, ಈಗ ಅವಳ ಕಾರಿನ ಗಾಜಿನ ಮೇಲೆ ಉಂಡ ಮನೆಗೆ ಎರಡು ಬಗೆದವಳು ಎಂದು ಬಣ್ಣದಲ್ಲಿ ಬರೆದಿದ್ದಾರೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗೇಟಿನ ಹತ್ತಿರ ಒಬ್ಬ ಮುದುಕ ಹೇಳಿದ, ಯಾರಿಗೂ ಕೊಟ್ಟೇ ಇಲ್ಲವಲ್ಲ ತಾತ, ಇನ್ನೂ ನಿಮ್ಮ ಕುಲದಲ್ಲೇ ಇದ್ದೇನೆ ಎನ್ನಬೇಕು ಅನ್ನಿಸಿತ್ತು.

ಒಂದೇ ಮತ. ನೂರು ಮತದಿಂದ ಗೆದ್ದಿದ್ದರೆ ಬೈಗುಳವೂ ಹಂಚಿಹೋಗುತ್ತಿತ್ತು, ಆದರೆ ಇಂಧನ ಮಸೂದೆ ಗೆದ್ದದ್ದು ಒಂದೇ ಮತದಿಂದ, ಆ ಒಂದು ಯಾರದು ಎಂದು ಊರಿಗೆ ಊರೇ ಬಲ್ಲದು, ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಪ್ಲಾಂಟುಗಳ ಕುಲುಮೆಗಳೆಲ್ಲ ಒಂದೊಂದಾಗಿ ಆರಬೇಕು, ಈ ಊರಿನದೇ ಮೊದಲು, ಕೆಲಸ ಹೋದವರಿಗೆ ಬೇರೆ ಕೆಲಸ ಕೊಡಬೇಕು ಎಂದೂ ಅದರಲ್ಲಿದೆ, ಕಾನೂನಿನಲ್ಲಿ ಬರೆದದ್ದು ಒಲೆಯ ಮೇಲೆ ಬೇಯುವುದಿಲ್ಲ ಎಂದು ಇಲ್ಲಿಯವರಿಗೆ ಗೊತ್ತು, ಅವಳಿಗೂ ಗೊತ್ತು, ಗೊತ್ತಿದ್ದೂ ಒತ್ತಿದಳು, ಪಕ್ಷದವರು ಕೆಂಪು ಗುಂಡಿ ಎಂದಿದ್ದರು, ಅವಳು ಹಸಿರು ಒತ್ತಿದಳು. ಬೆಳಗ್ಗೆ ಫೋನಿನಲ್ಲಿ ಪಕ್ಷದ ಅಧ್ಯಕ್ಷರ ದನಿಗೆ ಬೆಣ್ಣೆ ಹಚ್ಚಿತ್ತು, ನೋಡಮ್ಮಾ, ಗುಂಡಿಗಳು ಪಕ್ಕಪಕ್ಕ ಇರ್ತವೆ, ಯಾರಿಗಾದ್ರೂ ಆಗುತ್ತೆ, ಕೈ ತಪ್ತು ಅಂತ ಒಂದ್ಮಾತು ಹೇಳ್ಬಿಡು, ಜನ ನಕ್ಕು ಸುಮ್ಮನಾಗ್ತಾರೆ, ನಾವು ಮತ್ತೆ ಮತಕ್ಕೆ ಹಾಕಿಸ್ತೀವಿ, ಗಾಳಿ ಬಂದಾಗ ತೂರ್ಕೋಬೇಕಮ್ಮ — ಗಾಳಿಯ ಮಾತು ಕೇಳಿ ಅವಳಿಗೆ ನಗು ಬಂದಿತ್ತು, ಮಸೂದೆಯ ತುಂಬ ಇದ್ದದ್ದು ಗಾಳಿಯೇ, ಗಾಳಿ ಮತ್ತು ಬಿಸಿಲು, ಅದನ್ನು ಬೇಡ ಎನ್ನುವವರೇ ತೂರಿಕೊಳ್ಳಲು ಹೇಳುತ್ತಿದ್ದಾರೆ. ಆಮೇಲೆ ಬೆಣ್ಣೆ ಕರಗಿತು, ಕೈ ತಪ್ತು ಅನ್ನದೇ ಇದ್ರೆ ಸೀಟು ಕೈತಪ್ಪುತ್ತೆ, ತಿಳ್ಕೋ, ಎಂದು ಫೋನಿಟ್ಟರು. ಅಂದರೆ ಮಸೂದೆಯ ಕುತ್ತಿಗೆ ಅವಳ ನಾಲಿಗೆಯ ತುದಿಯಲ್ಲಿದೆ, ಎರಡು ಮಾತು, ಆಡಿದರೆ ಮುಗಿಯಿತು, ಮತ್ತೆ ಮನೆ ಮಗಳು.

ಬಾಗಿಲು ಕಿರ್ರೆಂದಿತು, ಅಣ್ಣ, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಮೈಕಿನ ತಂತಿಯ ಸುರುಳಿ, ಅವಳ ಮೊದಲ ಭಾಷಣದಿಂದ ಇವತ್ತಿನ ತನಕ ಮೈಕು ಕಟ್ಟುವವನು ಇವನೇ, ಪ್ಲಾಂಟಿನಲ್ಲಿ ಬಾಯ್ಲರ್ ಕಾಯುವ ಕೆಲಸ, ಪಾಳಿ ಮುಗಿದ ಮೇಲೆ ತಂಗಿಯ ಕೆಲಸ, ಬೇರೆ ಯಾರಾದರೂ ಕಟ್ಟಿದರೆ ಅದು ಅವಳ ಬಾಯಿಗಿಂತ ಒಂದು ಗೇಣು ಮೇಲೆ ನಿಂತಿರುತ್ತದೆ. ಕುಡಿ, ತಣ್ಣಗಾಗುತ್ತೆ, ಎಂದ. ಕುಡಿದಳು. ಸಕ್ಕರೆ ಹೆಚ್ಚು, ಬೇಕೆಂದೇ ಹೆಚ್ಚು ಹಾಕಿಸಿದ್ದಾನೆ, ಚಿಕ್ಕವಳಿದ್ದಾಗ ಔಷಧಿ ಕುಡಿಸುವ ಮೊದಲು ಹೀಗೇ ಮಾಡುತ್ತಿದ್ದ. ಅವನ ಮನೆಯ ಬಾಗಿಲಿಗೆ ಮೊನ್ನೆ ಯಾರೋ ಒಂದು ಬುಟ್ಟಿ ಬೂದಿ ಸುರಿದು ಹೋದರಂತೆ, ಅವನು ಹೇಳಲಿಲ್ಲ, ಪುಟ್ಟಿ ಹೇಳಿದಳು, ಅಣ್ಣನ ಮಗಳು, ಅತ್ತೆ, ಸ್ಕೂಲಲ್ಲಿ ಯಾರೂ ನನ್ನ ಪಕ್ಕ ಕೂರ್ತಿಲ್ಲ, ಪರವಾಗಿಲ್ಲ, ಬ್ಯಾಗಿಡೋಕೆ ಜಾಗ ಆಯ್ತು, ಹೀಗೆಂದು ಫೋನಿನಲ್ಲಿ ನಕ್ಕು, ನಗುವಿನ ನಡುವೆ ಉಸಿರು ಸಿಕ್ಕಿಕೊಂಡು, ಉಸಿರಿನ ಔಷಧಿಯ ಆ ಪುಟ್ಟ ಡಬ್ಬಿಯನ್ನು ಒತ್ತಿದ ಸದ್ದು, ಪುಸ್, ಇನ್ನೊಂದು ಸಲ ಪುಸ್, ಆ ಮಗುವಿಗಾಗಿ ಒತ್ತಿದೆನೆ, ಆ ಮಗುವನ್ನೇ ಒಂಟಿ ಮಾಡಿದೆನೆ, ಎರಡೂ ಹೌದು, ಎರಡೂ ಹೌದಾದರೆ ಮನುಷ್ಯರು ಯಾವ ಕಡೆ ತಿರುಗಿ ಮಲಗಬೇಕು. ಹೇಳ್ಬಿಡು, ಎಂದ ಅಣ್ಣ, ಅವಳ ಕಡೆ ನೋಡದೆ, ತಂತಿಯ ಗಂಟು ಬಿಡಿಸುತ್ತ, ನಂಗೋಸ್ಕರ ಬೇಡ, ಪುಟ್ಟಿಗೋಸ್ಕರ ಹೇಳು, ಎರಡು ಮಾತು ತಾನೆ, ಅಪ್ಪ ಹೇಳ್ಲಿಲ್ವಾ, ಹೇಳಿದ್ದಕ್ಕೆ ಯಾವ ಲೋಕ ಮುಳುಗ್ತು, ನಾವು ಉಂಡ್ವಿ, ಬೆಳೆದ್ವಿ, ನೀನು ಓದಿದೆ.

ಅಪ್ಪ ಹೇಳಲಿಲ್ಲವಾ — ಹೇಳಿದ, ಅವಳು ಕಂಬ ಹಿಡಿದುಕೊಂಡು ನಿಂತಿದ್ದಳು, ಹಾಲುಹಲ್ಲು ಬಿದ್ದ ವಯಸ್ಸು, ಕಲ್ಲಿದ್ದಲು ಸಾಗಿಸುವ ಬೆಲ್ಟು ಅಪ್ಪನ ಬಲಗೈಯ ಎರಡು ಬೆರಳು ತಿಂದಿತ್ತು, ತೋರುಬೆರಳು ಮತ್ತು ನಡುಬೆರಳು, ಬೆಲ್ಟಿನ ಬಾಯಿಗೆ ಹಾಕುವ ಜಾಲರಿಯನ್ನು ಕೆಲಸ ನಿಧಾನವಾಗುತ್ತದೆ ಎಂದು ಮೇಲಿನವರೇ ತೆಗೆಸಿದ್ದರು, ಆ ಪಾಳಿಯವರೆಲ್ಲ ನೋಡಿದ್ದರು, ಆಮೇಲೆ ಯಾರೂ ನೋಡಿರಲಿಲ್ಲ. ಆಫೀಸರು ಹಣ್ಣಿನ ಚೀಲ ಹಿಡಿದು ಮನೆಗೆ ಬಂದರು, ಚಪ್ಪಲಿ ಬಿಡುವುದೋ ಬೇಡವೋ ಎಂದು ಹೊಸ್ತಿಲಲ್ಲಿ ಅನುಮಾನಿಸಿದರು, ನಿಮ್ದೇ ಕೈ ತಪ್ತು ಅಂದ್ಬಿಡಿ, ವಿಷಯ ಅಲ್ಲಿಗೇ ಮುಗಿಯುತ್ತೆ, ನಿಮ್ಮ ಹುಡುಗ ದೊಡ್ಡವನಾದ ಮೇಲೆ ಕೆಲಸ ಕೊಡೋ ಜವಾಬ್ದಾರಿ ನಂದು. ಅಪ್ಪ ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಮೀಸೆ ಬಾರದ ಅಣ್ಣನನ್ನು ಒಮ್ಮೆ ನೋಡಿ, ಹೌದು ಸಾರ್, ನಂದೇ ಕೈ ತಪ್ತು. ಹಣ್ಣು ಸಿಹಿಯಿತ್ತು, ಅದೇ ಅವಳಿಗೆ ಇನ್ನೂ ನಾಚಿಕೆ. ಮಾರನೆಯ ವಾರ ಜಾಲರಿ ಸದ್ದಿಲ್ಲದೆ ತನ್ನ ಜಾಗಕ್ಕೆ ಬಂತು, ಅಪ್ಪ ಎಂಟ್ಬೆರಳು ಆದ, ಊರಿಗೆ ಊರೇ ಹಾಗೆ ಕರೆಯಿತು, ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವನನ್ನೇ ತೋರಿಸಿ, ತೂಕಡಿಸಿದ್ರೆ ಎಂಟ್ಬೆರಳಿನ ಗತಿಯೇ ನಿಮಗೂ, ಎಂದು ಬುದ್ಧಿ ಹೇಳುತ್ತಿದ್ದರು, ಅವನು ತಲೆ ಕೂಡ ಆಡಿಸುತ್ತಿದ್ದ, ಜೀವಮಾನದಲ್ಲಿ ಒಮ್ಮೆಯೂ ಪಾಳಿಯಲ್ಲಿ ತೂಕಡಿಸದವನು. ಆ ಕೈಯಲ್ಲೇ ಅವಳಿಗೆ ಅಕ್ಷರ ಕಲಿಸಿದ, ಕಿಟಕಿಯ ಕಟ್ಟೆಯ ಮೇಲಿನ ಬೂದಿಯಲ್ಲಿ, ಉಳಿದ ಉಂಗುರಬೆರಳು ಕಿರುಬೆರಳು ಜೋಡಿಸಿಟ್ಟು ಎಳೆದರೆ ಪ್ರತಿ ಅಕ್ಷರಕ್ಕೂ ಎರಡು ಗೆರೆ, ರೈಲಿನ ಹಳಿಯ ಹಾಗೆ ಜೊತೆಯಲ್ಲಿ ಬಾಗುವ ಎರಡು ಗೆರೆಯ ಅ, ಅಕ್ಷರ ಅಂದರೆ ಹಾಗೇ ಇರಬೇಕು ಎಂದುಕೊಂಡು ಶಾಲೆಯಲ್ಲಿ ಸ್ಲೇಟಿನ ಮೇಲೆ ಎರಡು ಗೆರೆಯ ಅ ಬರೆದಳು, ಟೀಚರು ನಕ್ಕರು, ಯಾರು ಕಲಿಸಿದ್ದು, ಎಂಟ್ಬೆರಳಾ, ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು, ನಕ್ಕದ್ದಕ್ಕೆ ಆ ರಾತ್ರಿ ಜ್ವರ ಬಂತು.

ನಿನ್ನ ಕೆಲಸ ಆ ಎರಡು ಮಾತಿನಿಂದ ಬಂತು ಅಣ್ಣಾ, ಎಂದು ಹೇಗೆ ಅನ್ನುವುದು, ಅವನು ತಂತಿಯ ಗಂಟು ಬಿಡಿಸುತ್ತಿದ್ದಾನೆ, ಅವನ ಹತ್ತು ಬೆರಳೂ ನೆಟ್ಟಗಿವೆ, ಅವುಗಳನ್ನು ನೋಡಿದಾಗಲೆಲ್ಲ ಅವಳಿಗೆ ಸಂತೋಷ, ಅಪ್ಪ ಕೊಟ್ಟ ಬೆಲೆಗೆ ಸಿಕ್ಕ ಹತ್ತು ಬೆರಳು. ಮಸೂದೆಗೆ ಮತ ಹಾಕಿದ ದಿನ ಸದನದಲ್ಲಿ ಚರ್ಚೆ, ಹೊಗೆಗೆ ಯಾರು ಹೊಣೆ, ಪ್ಲಾಂಟಿನ ಬಿಸಿನೀರಿಗೆ ಕಾದ ನದಿಗೆ ಯಾರು ಹೊಣೆ, ಒಬ್ಬೊಬ್ಬರೇ ಎದ್ದು ಯಾರದ್ದೂ ಅಲ್ಲ ಎಂದರು, ಕಾಲದ ದೋಷ, ಹಿಂದಿನವರ ಲೋಪ, ಎಲ್ಲರದೂ ಕೈ ತಪ್ಪಿದ್ದೇ, ಜಾಲರಿ ತೆಗೆದವರು ಮಾತ್ರ ಯಾರೂ ಇಲ್ಲ, ಮತದ ಗಂಟೆ ಮೊಳಗಿತು, ಪ್ಲಾಂಟಿನ ಸೈರನ್ನಿನಷ್ಟೇ ಉದ್ದ, ಅವಳ ಬೆರಳಿಗೆ ಯಾವ ಗೊಂದಲವೂ ಇರಲಿಲ್ಲ. ಮೇಡಂ, ಬನ್ನಿ, ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ಕರೆದ, ಮೊದಲೆಲ್ಲ ಅಕ್ಕಾ ಎನ್ನುತ್ತಿದ್ದವನು. ಅಣ್ಣ ಮುಂದೆ ನಡೆದ, ಹೊಸ್ತಿಲಲ್ಲಿ ತಿರುಗಿ, ಎರಡೇ ಮಾತು ಕಣೇ, ಎಂದ, ಕಣ್ಣು ತುಂಬಿತ್ತು, ಕೈ ಮುಗಿದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಬೆಳಕು, ಮುಖಗಳು, ಒಬ್ಬರೂ ಚಪ್ಪಾಳೆ ತಟ್ಟುವುದಿಲ್ಲ, ಮುಂದಿನ ಸಾಲಿನಲ್ಲಿ ಪುಟ್ಟಿ, ಪಕ್ಕದ ಕುರ್ಚಿ ಖಾಲಿ, ಅದರ ಮೇಲೆ ಬ್ಯಾಗು, ಮೈಕು ಸರಿಯಾಗಿ ಅವಳ ಬಾಯಿಯ ಎತ್ತರಕ್ಕಿದೆ, ವೇದಿಕೆಯ ಮೂಲೆಯಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆಯ ಪಕ್ಕ ಅಣ್ಣ, ಪೆಟ್ಟಿಗೆಯ ಮೇಲೆಯೂ ಬೂದಿ, ಕೆಂಪು ದೀಪ ಉರಿಯುತ್ತಿದೆ. ಎಲ್ಲರೂ ಕೇಳ್ತಿದ್ದೀರಿ, ಅವಳ ದನಿ ಎರಡು ಕಡೆಯ ಸ್ಪೀಕರ್ ಪೆಟ್ಟಿಗೆಗಳಿಂದ ತಿರುಗಿ ಅವಳಿಗೇ ಬಂತು, ಕೈ ತಪ್ತಾ ಅಂತ, ಇಲ್ಲ, ತಪ್ಪಲಿಲ್ಲ, ಗೊತ್ತಿದ್ದೇ ಒತ್ತಿದೆ, ನಿಮ್ಮ ಸಿಟ್ಟು ನ್ಯಾಯವೇ, ಬೇರೆ ಕೆಲಸ ಸಿಗೋ ತನಕ ನನ್ನ ಕತ್ತಿನ ಪಟ್ಟಿ ಹಿಡಿದು ಕೇಳಿ, ಆದ್ರೆ ಕೈ ತಪ್ತು ಅನ್ನಲ್ಲ — ಗದ್ದಲ ಎದ್ದಿತು, ಒಂದು ಕುರ್ಚಿ ಉರುಳಿತು, ಇಳಿಸ್ರೀ ಅವಳನ್ನ, ಯಾರೋ, ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಇನ್ನೆಂದೂ ಬಾಯಿ ಬರುವುದಿಲ್ಲ, ನೀವೆಲ್ಲ ಎಂಟ್ಬೆರಳು ಅಂತಿದ್ರಲ್ಲ, ನಮ್ಮಪ್ಪ, ಅವರದ್ದೂ ಅವತ್ತು ಕೈ — ದನಿ ಸತ್ತಿತು. ಅವಳದ್ದಲ್ಲ, ಮೈಕಿನದು. ತಿರುಗಿ ನೋಡಿದಳು, ಕೆಂಪು ದೀಪ ಆರಿದೆ, ಅಣ್ಣನ ಎರಡು ಬೆರಳು ಸ್ವಿಚ್ಚಿನ ಮೇಲೆ, ನೆಟ್ಟಗಿನ ಬೆರಳು, ಅವನು ಅವಳನ್ನೇ ನೋಡುತ್ತಿದ್ದಾನೆ, ತುಟಿ ಅಲುಗಿತು, ಗದ್ದಲದಲ್ಲಿ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ, ಕೈ ತಪ್ತು, ಎಂದ, ಮಾತು ಅವನದು, ಮುಖ ಅವತ್ತಿನ ಅಪ್ಪನದು, ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಹೌದು ಸಾರ್, ಸ್ವಿಚ್ಚಿನಿಂದ ಅವನು ಕೈ ಎಳೆದುಕೊಂಡ, ಎಳೆದ ಕಡೆ ಪೆಟ್ಟಿಗೆಯ ಬೂದಿಯಲ್ಲಿ ಗೆರೆ, ಒಂದರ ಪಕ್ಕ ಒಂದು, ಎರಡು ಗೆರೆ, ಬೂದಿಯಲ್ಲಿ ಎರಡು ಗೆರೆ —