ಅಮರಾವತಿ ಬಂದ ಮೇಲೆ

ವಾದೀಶ ಮಾಡಿದ ನೊಯ್ಯಲ್ ಥೀಮನ್ನು ಅವನು ಕಂಡು ಕೇಳರಿಯದ ಊರುಗಳ ಜನ ಬಳಸುತ್ತಿದ್ದರು. ಪ್ಲೇನ್‌ಲೀಫ್ ಅಂತ ಒಂದು ಬ್ಲಾಗ್ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಂಡು, ಬಿಚ್ಚಿ ನೋಡಿ, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದಾದದ್ದು. ಅದನ್ನು ಕಟ್ಟುತ್ತಿದ್ದವರು ದೇಶದೇಶಗಳಲ್ಲಿ ಚದುರಿದ್ದ ಹವ್ಯಾಸಿಗಳು. ಅವರ ಮಾತುಕತೆಯೆಲ್ಲ, ಒಬ್ಬರು ಬರೆದರೆ ಎಲ್ಲರಿಗೂ ತಲುಪುವ ಮೇಲಿಂಗ್ ಲಿಸ್ಟಿನಲ್ಲಿ. ಬ್ಲಾಗು ಓದುವವರ ಕಣ್ಣಿಗೆ ಹೇಗೆ ಕಾಣಬೇಕು, ಅಕ್ಷರ ಎಷ್ಟು ದಪ್ಪ, ಬಣ್ಣ ಯಾವುದು, ಕಾಮೆಂಟ್ ಬರೆಯುವ ಪೆಟ್ಟಿಗೆ ಎಲ್ಲಿರಬೇಕು, ಇದನ್ನೆಲ್ಲ ತೀರ್ಮಾನಿಸುವುದು ಥೀಮು. ತಂತ್ರಾಂಶದ ಜೊತೆಗೇ ಸಿಗುತ್ತಿದ್ದ ಕೆಲವೇ ಥೀಮುಗಳಲ್ಲಿ ವಾದೀಶನದೂ ಒಂದು. ಕೊಯಮತ್ತೂರಿನ ಸಾಯಿಬಾಬಾ ಕಾಲೊನಿಯ ಮನೆಯಲ್ಲಿ, ಆಫೀಸಿಗೆ ಹೊರಡುವ ಮುಂಚೆ ಸಿಗುತ್ತಿದ್ದ ಬೆಳಗಿನ ಹೊತ್ತಿನಲ್ಲಿ ಕೂತು ಕೂತು ಮಾಡಿದ್ದು. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಪೇರೂರಿಗೆ ಹೋದಾಗ ಕಾಲಿಳಿಬಿಟ್ಟು ಕೂತ ಹೊಳೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದ.

ಪೀಳಮೇಡಿನಲ್ಲಿ ಅವನು ಕೆಲಸ ಮಾಡುತ್ತಿದ್ದ ಪಂಪ್‌ಸೆಟ್ ಕಂಪನಿಯಲ್ಲಿ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ. ಬೇಸರ ಇದ್ದದ್ದು ಅಪ್ಪನ ಬಗ್ಗೆ. ಅಪ್ಪ ವ್ಯಾಸರಾಯರು ಮಿಲ್ಲಿನಲ್ಲಿ ಸ್ಪಿನ್ನಿಂಗ್ ಮಾಸ್ಟರ್ ಆಗಿ ನಿವೃತ್ತರಾದವರು. ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲೇ ಬೇರು ಬಿಟ್ಟ ಆ ಮನೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು ತಮಿಳು ಬೆರೆತ ಕನ್ನಡ, ಆದರೆ ಓದಲು ಬರುತ್ತಿದ್ದದ್ದು ಅವರೊಬ್ಬರಿಗೇ. ಹುಡುಗನಾಗಿದ್ದಾಗ ನಂಜನಗೂಡಿನ ತಾತನ ಮನೆಯಲ್ಲಿದ್ದು ಕಲಿತದ್ದು. ವಾದೀಶ ಓದಿದ್ದು ತಮಿಳು, ಇಂಗ್ಲಿಷು. ಥೀಮು ಮೊದಲ ಸಲ ಬಿಡುಗಡೆಯಾದ ದಿನ ಅವನು ಅಪ್ಪನನ್ನು ಕರೆದು ತೋರಿಸಿದ್ದ. ಅವರು ಕನ್ನಡಕ ಏರಿಸಿ ನೋಡಿ, ಚೆನ್ನಾಗಿದೆ ಅಂದು, ಮತ್ತೆ ಪೇಪರು ಹಿಡಿದಿದ್ದರು. ಅಷ್ಟೇ. ಆಮೇಲೆ ಒಂದು ದಿನವೂ ಅದರ ಸುದ್ದಿ ಎತ್ತಲಿಲ್ಲ.

ಜಾಸ್ಮಿನ್ ಬಂದದ್ದು ಎರಡು ಸಾವಿರದ ಎಂಟರಲ್ಲಿ. ಹರಿಹರದ ಹುಡುಗಿ, ಎಂಜಿನಿಯರಿಂಗ್ ಮುಗಿಸಿ ತಿರುಪ್ಪೂರಿನ ಒಂದು ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ತಂತ್ರಾಂಶದ ಹವ್ಯಾಸಿಗಳು ಭಾನುವಾರ ಸೇರುತ್ತಿದ್ದ ಸಭೆಗೆ ಬಂದಳು. ವಾದೀಶನ ಹೆಸರು ಕೇಳಿದ್ದೇ ಅವಳ ಮುಖ ಅರಳಿತು. ಕನ್ನಡದವರು ಸಿಕ್ಕಿದರಲ್ಲ ಅಂತ ಬಲು ಖುಷಿಯಿಂದ ಮಾತಾಡಿದಳು. ಮಾತಿನ ನಡುವೆಯೇ, ಎಲ್ಲರೂ ಕೇಳುವ ಹಾಗೆ ಹೇಳಿದಳು.

"ಸರ್, ನಿಮ್ಮ ಥೀಮಲ್ಲಿ ಕನ್ನಡದ ಒತ್ತಕ್ಷರ ಕತ್ತರಿಸಿ ಹೋಗುತ್ತೆ. ನೋಡಿದೀರಾ?"

ಅವನು ನೋಡಿರಲಿಲ್ಲ. ಅವಳು ಪ್ರೊಜೆಕ್ಟರಿಗೆ ತನ್ನ ಲ್ಯಾಪ್‌ಟಾಪು ಸಿಕ್ಕಿಸಿ ಗೋಡೆಯ ಮೇಲೆ ತೋರಿಸಿದಳು. ಓದಲು ಬರದಿದ್ದರೂ ಅವನಿಗೆ ಕಂಡಿತು. ಅಕ್ಷರಗಳ ಕೆಳಗೆ ತೂಗುವ ಪುಟ್ಟ ಅಕ್ಷರಗಳೆಲ್ಲ ಅರ್ಧಕ್ಕೇ ಕತ್ತರಿ ಹಾಕಿದ ಹಾಗೆ ಮಾಯವಾಗಿದ್ದವು. ತಮಿಳಿನಲ್ಲಿ ಹಾಗೆ ಅಕ್ಷರದ ಅಡಿಗೆ ಇನ್ನೊಂದು ಅಕ್ಷರ ಸೇರುವುದಿಲ್ಲ. ಸಾಲುಗಳನ್ನು ಒತ್ತಾಗಿ ಇಟ್ಟರೆ ಅಂದ ಅಂತ ಅವನು ಒತ್ತಾಗಿ ಇಟ್ಟಿದ್ದ. ಜಾಸ್ಮಿನ್ ಸಾಲುಗಳನ್ನು ಸಡಿಲಿಸಿ, ಶೀರ್ಷಿಕೆಗೆ ಉಸಿರಾಡಲು ಜಾಗ ಕೊಟ್ಟು, ತಿದ್ದಿದ ಪ್ರತಿಯನ್ನೂ ತಂದಿದ್ದಳು. ಗೋಡೆಯ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ಸಭೆಯಲ್ಲಿದ್ದ ನಿಶಾಂತ್ ಎಂಬ ವಿದ್ಯಾರ್ಥಿ, ತಿದ್ದಿದ್ದೇ ಚೆಂದ, ಅಂದ. ವಾದೀಶ ನಗುತ್ತಲೇ, ಕಳಿಸಮ್ಮಾ ನೋಡ್ತೀನಿ, ಅಂದ. ಮರ್ಯಾದೆಗೆ ಮನೆಗೂ ಕರೆದ.

ಅವಳು ಮುಂದಿನ ವಾರವೇ ಬಂದಳು. ವಾದೀಶನ ಹೆಂಡತಿ ಮಾಧವಿ ಕಾಫಿ ಕೊಟ್ಟಳು. ಆದರೆ ಅವಳನ್ನು ಆವರಿಸಿಕೊಂಡದ್ದು ವ್ಯಾಸರಾಯರು. ಅಚ್ಚ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ ಏನೋ, ಹಳೆಯ ಮಿಲ್ಲುಗಳ ಕಥೆ ತೆಗೆದು ಕೂತರು. ಹತ್ತಿಯ ಧೂಳು, ಪಾಳಿ ಬದಲಾಗುವ ಹೊತ್ತಿಗೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಸಂಗು, ನೂಲು ಕಡಿದರೆ ಶಬ್ದದಲ್ಲೇ ಗೊತ್ತಾಗುತ್ತಿದ್ದದ್ದು. ಇದನ್ನೆಲ್ಲ ಬರೀರಿ ಅಂಕಲ್, ಅಂದಳು ಅವಳು. ಅಲ್ಲೇ ಕೂತು ಅವರಿಗೊಂದು ಬ್ಲಾಗು ತೆರೆದು, ಕನ್ನಡ ಟೈಪು ಮಾಡುವುದನ್ನು ಹೇಳಿಕೊಟ್ಟಳು. ಬ್ಲಾಗಿಗೆ ಹಾಕಿದ್ದು ತಾನು ತಿದ್ದಿದ ನೊಯ್ಯಲನ್ನು.

ಒಂದೆರಡು ತಿಂಗಳಲ್ಲಿ ವ್ಯಾಸರಾಯರಿಗೆ ಓದುಗರಾದರು. ದಾವಣಗೆರೆಯ ನಿವೃತ್ತ ಹೆಡ್‌ಮಾಸ್ತರರೊಬ್ಬರು, ರಾಯಚೂರಿನ ಬ್ಯಾಂಕಿನಲ್ಲಿದ್ದ ಒಬ್ಬ ಹೆಂಗಸು, ಇನ್ನೂ ಕೆಲವರು. ಊಟಕ್ಕೆ ಕೂತಾಗ ಅವರ ಕಾಮೆಂಟುಗಳದೇ ಮಾತು. ಜಾಸ್ಮಿನ್ ಹಾಗಂದಳು, ಜಾಸ್ಮಿನ್ ಹೀಗೆ ಮಾಡಿಕೊಟ್ಟಳು. ಒಂದು ದಿನ ವಾದೀಶ ತಡೆಯಲಾರದೆ, ಆ ಥೀಮು ಮೂಲದಲ್ಲಿ ತನ್ನದೇ ಅಂತ ನೆನಪಿಸಿದ.

"ಆಮಾ, ಗೊತ್ತು," ಅಂದರು ಅಪ್ಪ. "ಹೋದ ವರ್ಷ ಅದರಲ್ಲಿ ಒಂದು ಕನ್ನಡ ಬ್ಲಾಗು ಓದಕ್ಕೆ ನೋಡ್ದೆ. ಒತ್ತೇ ಕಾಣ್ಲಿಲ್ಲ. ಮುಚ್ಚಿಬಿಟ್ಟೆ."

"ನಂಗೆ ಹೇಳ್ಬೋದಿತ್ತಲ್ಲ?"

"ಅಷ್ಟು ಕಷ್ಟಪಟ್ಟು ಮಾಡಿದ್ದೆ. ಎದುಕ್ಕು ಮನಸ್ಸು ನೋಯಿಸೋದು ಅಂತ ಸುಮ್ನಾದೆ, ವಾದಿ."

ಆ ಮಾತು ಅವನ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿತು. ಅಪ್ಪ ನೋಡಿರಲಿಲ್ಲ ಅಂದುಕೊಂಡಿದ್ದ. ನೋಡಿದ್ದರು, ಕನಿಕರಪಟ್ಟು ಸುಮ್ಮನಿದ್ದರು. ಮೊನ್ನೆ ಬಂದವಳ ಹತ್ತಿರ ಮಾತ್ರ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು.

ನೊಯ್ಯಲಿಗೆ ಯಾವ ತಿದ್ದುಪಡಿ ಸೇರಬೇಕು, ಯಾವುದು ಬೇಡ ಅನ್ನುವುದು ವಾದೀಶನ ಕೈಯಲ್ಲಿತ್ತು. ಜಾಸ್ಮಿನ್ ಕಳಿಸಿದ್ದನ್ನು ಅವನು ಬಹಳ ದಿನ ಇಟ್ಟುಕೊಂಡ. ಕೊನೆಗೆ, ಇದರಿಂದ ಇಂಗ್ಲಿಷ್ ಪುಟಗಳು ಜಾಳುಜಾಳಾಗಿ ಕಾಣುತ್ತವೆ, ಒಂದು ಭಾಷೆಗಾಗಿ ಥೀಮನ್ನೇ ಕೆಡಿಸಲಾಗದು ಅಂತ ಬರೆದು ತಿರಸ್ಕರಿಸಿದ. ಅವಳು ಜಗಳಕ್ಕೆ ಬರಲಿಲ್ಲ. ಹಾಗಾದರೆ ಬೇರೆಯದೇ ಥೀಮು ಮಾಡುತ್ತೇನೆ ಸರ್, ಅಂದಳು; ಮಾಡಿದಳು. ಕನ್ನಡ ಒಂದೇ ಅಲ್ಲ, ತೆಲುಗು, ಮಲಯಾಳ, ಥಾಯ್, ಯಾವ ಲಿಪಿಯೂ ಕೆಡದ ಹಾಗೆ. ಸಹೋದ್ಯೋಗಿಯ ಊರಾದ ಮಡತ್ತುಕುಳಕ್ಕೆ ಹೋದಾಗ ಕಂಡ ಹೊಳೆಯ ಹೆಸರನ್ನು ಅದಕ್ಕಿಟ್ಟಳು: ಅಮರಾವತಿ.

ಅದನ್ನು ತೋರಿಸಲು ಮನೆಗೆ ಬಂದ ದಿನ ಅವಳು ಸಹಜವಾಗಿ ಕೇಳಿದಳು, "ನೊಯ್ಯಲ್ ಅಂದ್ರೆ ತಿರುಪ್ಪೂರಲ್ಲಿ ನಾನು ದಿನಾ ದಾಟ್ತೀನಲ್ಲ, ಆ ಡೈ ಕಾರ್ಖಾನೆಗಳ ಬಣ್ಣದ ನೀರಿನ ಹೊಳೆನಾ ಸರ್?" ಅದರಲ್ಲಿ ಕುಹಕವಿರಲಿಲ್ಲ. ವಾದೀಶನಿಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು.

ಮುಂದಿನ ಆವೃತ್ತಿಗೆ ಮುಖ್ಯ ಥೀಮು ಯಾವುದಿರಬೇಕು ಅಂತ ಲಿಸ್ಟಿನಲ್ಲಿ ಚರ್ಚೆಯಾಯಿತು. ಎಲ್ಲರೂ ಅಮರಾವತಿ ಅಂದರು. ನೊಯ್ಯಲನ್ನು ತಂತ್ರಾಂಶದ ಜೊತೆ ಕೊಡುವುದನ್ನೇ ನಿಲ್ಲಿಸೋಣ, ಬೇಕಾದವರು ಬೇರೆಯಾಗಿ ಇಳಿಸಿಕೊಳ್ಳಲಿ ಅಂತಲೂ ತೀರ್ಮಾನವಾಯಿತು. ವಾದೀಶ ತನಗೂ ಸಂತೋಷ ಅಂತ ಬರೆದ. ಅದಾದ ಮೇಲೆ ಅವನು ಆಫೀಸಿನಲ್ಲಿ ಬಿಡುವು ಸಿಕ್ಕಾಗಲೆಲ್ಲ ಅಮರಾವತಿಯಲ್ಲಿ ತಪ್ಪು ಹುಡುಕತೊಡಗಿದ. ತನ್ನ ಥೀಮನ್ನೂ ಅವನು ಯಾವತ್ತೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಒಂದೊಂದು ಸಾಲು ಓದಿದ ಹಾಗೂ, ಎಷ್ಟು ಅಚ್ಚುಕಟ್ಟು ಅನ್ನಿಸಿ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಕಡೆಗೂ ಸಿಕ್ಕಿತು. ಪಂಪ್ ಕಂಪನಿಯ ಹಳೆಯ ಕಂಪ್ಯೂಟರುಗಳಲ್ಲಿ ಇದ್ದದ್ದು ಹಳೆಯ ಬ್ರೌಸರು, ಚಿಕ್ಕ ಪರದೆ. ಅದರಲ್ಲಿ ಅಮರಾವತಿ ತೆರೆದರೆ ಕಾಮೆಂಟ್ ಬರೆಯುವ ಪೆಟ್ಟಿಗೆ ಪಕ್ಕದ ಪಟ್ಟಿಯ ಅಡಿಗೆ ಸರಿದು ಕಾಣದಾಗುತ್ತಿತ್ತು. ಯಾವ ಸಾಲಿನಿಂದ ಹಾಗಾಗುತ್ತದೆ ಅಂತ ಅವನು ಸ್ವಲ್ಪ ಹೊತ್ತಿನಲ್ಲೇ ಪತ್ತೆಹಚ್ಚಿದ. ಬಿಡುಗಡೆಗೆ ಇನ್ನೂ ಕೆಲವು ದಿನಗಳಿದ್ದವು. ಲಿಸ್ಟಿಗೆ ಎರಡು ಸಾಲು ಬರೆದ, ಅಳಿಸಿದ. ಪರೀಕ್ಷೆ ಮಾಡುವವರು ಬೇರೆ ಇದ್ದಾರೆ, ಅವರು ನೋಡಿಕೊಳ್ಳಲಿ, ಅಂದುಕೊಂಡ. ಅವರು ಯಾರೂ ನೋಡಲಿಲ್ಲ. ಅವರ ಹತ್ತಿರ ಇದ್ದದ್ದೆಲ್ಲ ಹೊಸ ಯಂತ್ರಗಳು.

ಹೊಸ ಆವೃತ್ತಿ ಬಂದ ಮೇಲೆ ಲಿಸ್ಟಿನಲ್ಲಿ ದೂರು ಶುರುವಾಯಿತು. ಕಾಮೆಂಟು ಹಾಕಲಾಗುತ್ತಿಲ್ಲ ಅಂತ ಒಬ್ಬ, ಇಂಥ ಅರೆಬೆಂದದ್ದನ್ನು ಯಾಕೆ ಬಡಿಸಿದಿರಿ ಅಂತ ಇನ್ನೊಬ್ಬ. ಜಾಸ್ಮಿನ್ ಒಬ್ಬೊಬ್ಬರಿಗೂ ಕ್ಷಮೆ ಕೇಳಿ ಉತ್ತರ ಬರೆಯುತ್ತಿದ್ದಳು. ನನ್ನ ಯಂತ್ರದಲ್ಲಿ ಸರಿಯಾಗಿಯೇ ಕಾಣುತ್ತಿದೆ, ಹುಡುಕುತ್ತಿದ್ದೇನೆ, ಅನ್ನುತ್ತಿದ್ದಳು. ವಾದೀಶ ಪ್ರತಿಯೊಂದನ್ನೂ ಓದುತ್ತಿದ್ದ. ಓದಿ, ತನ್ನ ಕಾಫಿ ನಿಧಾನವಾಗಿ ಕುಡಿಯುತ್ತಿದ್ದ.

ಅಪ್ಪನ ಬ್ಲಾಗು ಅವನ ತಲೆಗೆ ಹೊಳೆದಿರಲೇ ಇಲ್ಲ. ಅದನ್ನೂ ಜಾಸ್ಮಿನ್ ಹೊಸ ಆವೃತ್ತಿಗೆ, ಅಮರಾವತಿಗೆ ಬದಲಾಯಿಸಿದ್ದಳು. ಅಪ್ಪ ಊಟದ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿದ್ದನ್ನು ಅವನು ಗಮನಿಸಿರಲಿಲ್ಲ, ಹೇಳಿದವಳು ಮಾಧವಿ. ಮಾವನವರು ಬರೆಯುವುದನ್ನು ಬಿಟ್ಟಿದ್ದಾರೆ, ಯಾರೂ ಏನೂ ಹೇಳುತ್ತಿಲ್ಲವಂತೆ, ದಾವಣಗೆರೆಯವರೂ ಸುಮ್ಮನಾಗಿದ್ದಾರಂತೆ, ಅಂದಳು. ವಾದೀಶ ಮುಂಗೋಣೆಗೆ ಹೋದ. ವ್ಯಾಸರಾಯರು ಕಂಪ್ಯೂಟರಿನ ಮುಂದೆ ಕೂತಿದ್ದರು. ಹೊಸ ಬರಹವೇನೂ ಇರಲಿಲ್ಲ. ಹಳೆಯ ಪುಟವನ್ನೇ ಮತ್ತೆ ಮತ್ತೆ ತೆರೆದು ನೋಡುತ್ತಿದ್ದರು.

"ಎಷ್ಟು ದಿನ ಕೇಳ್ತಾರೆ, ಪಾವಂ," ಅಂದರು ಅವರು, ಇವನ ಕಡೆ ತಿರುಗದೆ. "ಮಿಲ್ಲು ಮಿಲ್ಲು ಅಂತ ಒಂದೇ ಕಥೆ. ಬೇಜಾರಾಗಿರ್ಬೇಕು ಅವರಿಗೆ."

ಹೆಡ್‌ಮಾಸ್ತರರು ಓದುತ್ತಿದ್ದದ್ದು ಬ್ರೌಸಿಂಗ್ ಸೆಂಟರಿನಿಂದ. ಆ ಹೆಂಗಸು ಬ್ಯಾಂಕಿನಿಂದ. ಇಬ್ಬರ ಕಡೆಯೂ ಅದೇ ಹಳೆಯ ಬ್ರೌಸರು ಇದ್ದೀತು. ವಾದೀಶನಿಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ಅಪ್ಪನ ಬ್ಲಾಗೊಂದನ್ನು ಸದ್ದಿಲ್ಲದೆ ಸರಿಮಾಡಿಬಿಡಬಹುದಿತ್ತು. ಹಾಗೆ ಮಾಡಲು ಕೂತೂ ಕೂತ. ಆದರೆ ಇಂಥ ಅಪ್ಪಂದಿರು ಇನ್ನೆಷ್ಟು ಮನೆಗಳಲ್ಲಿ ಹೀಗೆ ಕೂತಿದ್ದಾರೋ ಅನ್ನುವ ಯೋಚನೆ ಬಂದು ಕೈ ನಿಂತಿತು. ಎದ್ದು ಅಂಗಿ ಹಾಕಿಕೊಂಡು, ಗಾಂಧಿಪುರದಲ್ಲಿ ತಿರುಪ್ಪೂರಿನ ಬಸ್ಸು ಹತ್ತಿದ.

ಅದು ಭಾನುವಾರವಾದರೂ ಮಾಲು ಕಳಿಸುವ ಗಡಿಬಿಡಿಯಿಂದ ಜಾಸ್ಮಿನ್‌ಳ ಕಂಪನಿ ತೆರೆದಿತ್ತು. ಇಸ್ತ್ರಿಯ ಹಬೆ, ರಟ್ಟಿನ ಪೆಟ್ಟಿಗೆಗಳ ಸಾಲು ದಾಟಿ ಅವಳ ಕೋಣೆಗೆ ಹೋದ. ಅವಳ ಕಣ್ಣು ಕೆಂಪಾಗಿದ್ದವು. ಇವನನ್ನು ಕಂಡು ಎದ್ದು ನಿಂತು, ನೀವಾದರೂ ಬಂದಿರಲ್ಲ ಸರ್, ಅಂದು ಕುರ್ಚಿ ಬಿಟ್ಟುಕೊಟ್ಟಳು. ಅವನು ಕೂತು ಕಡತ ತೆರೆದ. ಹುಡುಕಲಿಲ್ಲ, ಏನನ್ನೂ ಪರೀಕ್ಷಿಸಲಿಲ್ಲ. ನೆಟ್ಟಗೆ ಆ ಸಾಲಿಗೆ ಹೋಗಿ ತಿದ್ದಿದ.

ಜಾಸ್ಮಿನ್ ಹಿಂದೆ ನಿಂತು ನೋಡುತ್ತಿದ್ದಳು.

"ನಿಮಗೆ ಮೊದಲೇ ಗೊತ್ತಿತ್ತು," ಅಂದಳು.

"ಗೊತ್ತಿತ್ತು."

"ಯಾವಾಗಿಂದ?"

"ಬಿಡುಗಡೆ ಆಗೋ ಮುಂಚಿಂದ." ಅವನು ತಿರುಗಲಿಲ್ಲ. "ಹೊಟ್ಟೆಕಿಚ್ಚು, ಜಾಸ್ಮಿನ್. ಬೇರೆ ಏನೂ ಇಲ್ಲ."

ಅವಳು ಮೆಲ್ಲಗೆ ಹೇಳಿದಳು, "ನನ್ನ ಮೇಲೆ ಸಿಟ್ಟಿದ್ದಿದ್ರೆ ನನಗೆ ಬೈಬಹುದಿತ್ತು ಸರ್. ಅಂಕಲ್ ಬ್ಲಾಗಿಗೂ ಒಂದು ಕಾಮೆಂಟಿಲ್ಲ. ಅವರೇನು ಮಾಡಿದ್ರು?"

ಅವನು ತಿದ್ದಿದ್ದನ್ನು ಉಳಿಸಿ ಕುರ್ಚಿ ಬಿಟ್ಟೆದ್ದ. ಅವಳು ಚಹಾ ತರಿಸಿದಳು, ಆದರೆ ಮತ್ತೆ ಮಾತಾಡಲಿಲ್ಲ. ಅವನು ಕೊಯಮತ್ತೂರು ತಲುಪುವಷ್ಟರಲ್ಲಿ ತಿದ್ದಿದ ಥೀಮನ್ನು ಅವಳು ಲಿಸ್ಟಿಗೆ ಕಳಿಸಿದ್ದಳು, ದೋಷ ಕಂಡುಹಿಡಿದವರು ವಾದೀಶ ಅಂತ ಬರೆದು. ಅದು ಅವನಿಗಾಗಿ ಮಾಡಿದ್ದೋ, ಸುಳ್ಳು ಹೇಳಬಾರದು ಅಂತ ಮಾಡಿದ್ದೋ ಅವನಿಗೆ ತಿಳಿಯಲಿಲ್ಲ. ಜನ ಸಾಲುಸಾಲಾಗಿ ಅವನನ್ನು ಹೊಗಳಿದ್ದರು. ವರ್ಷಗಳಿಂದ ಬಯಸಿದ್ದ ಹೊಗಳಿಕೆ. ಅವನು ಅದರ ಕೆಳಗೆ, ತಾನು ಇದನ್ನು ಬಿಡುಗಡೆಗೆ ಮುಂಚೆಯೇ ಕಂಡಿದ್ದೆ, ಬೇಕೆಂದೇ ಹೇಳಲಿಲ್ಲ ಅಂತ ಬರೆದ. ಕೆಲವರು ಬೈದರು, ಹಲವರು ಏನೂ ಅನ್ನಲಿಲ್ಲ. ನೊಯ್ಯಲಿಗೆ ಬರುವ ತಿದ್ದುಪಡಿಗಳನ್ನು ಒಪ್ಪುವ, ಬಿಡುವ ಅಧಿಕಾರವನ್ನೂ ಅವನಿಂದ ವಾಪಸು ತೆಗೆದುಕೊಂಡರು.

ಅಪ್ಪನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ವ್ಯಾಸರಾಯರು ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಕತ್ತಲಾಗುವ ಮುಂಚೆ ವಾಪಸು ಬಂದವರು ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ನಿನ್ನ ನೊಯ್ಯಲ್ ತೆಗಿ," ಅಂದರು. "ಎಲ್ಲೆಲ್ಲಿ ಒತ್ತು ಹೋಗುತ್ತೆ ನಾನು ಓದಿ ಹೇಳ್ತೀನಿ. ನೀನು ಸರಿಮಾಡು. ಅವತ್ತೇ ಹೇಳ್ಬೇಕಿತ್ತು. ತಪ್ಪು ನಂದೂ ಇದೆ."

ದಾವಣಗೆರೆಯ ಹೆಡ್‌ಮಾಸ್ತರರ ಕಾಮೆಂಟು ಆ ವಾರವೇ ಬಂತು. ಪೆಟ್ಟಿಗೆ ಎಲ್ಲಿ ಹೋಗಿತ್ತು ಸ್ವಾಮೀ ಅಂತ ಕೇಳಿದ್ದರು. ಜಾಸ್ಮಿನ್ ಮಾತ್ರ ಆ ಮನೆಗೆ ಬರುವುದನ್ನು ನಿಲ್ಲಿಸಿದಳು. ವ್ಯಾಸರಾಯರಿಗೆ ಫೋನು ಮಾಡುತ್ತಿದ್ದಳು, ವಾದೀಶನಿಗೆ ಕೊಡಿ ಅನ್ನುತ್ತಿರಲಿಲ್ಲ. ಮಾಧವಿ ಹಬ್ಬಕ್ಕೆ ಕರೆದಾಗಲೂ ಏನೋ ನೆಪ ಹೇಳಿದಳು.

ಮರುವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳಿಂದ ಮೇಲ್ ಬಂತು. ಅಮರಾವತಿಯ ಹೊಸ ರೂಪ, ಇನ್ನೂ ಯಾರಿಗೂ ತೋರಿಸಿರದದ್ದು. ನಿಮ್ಮಷ್ಟು ಹಟ ಹಿಡಿದು ತಪ್ಪು ಹುಡುಕುವವರು ಬೇರೆ ಯಾರೂ ಇಲ್ಲ, ಈ ಸಲ ಮೊದಲೇ ಹೇಳಿ, ಅಂತ ಬರೆದಿದ್ದಳು. ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ಅವನು ಯೋಚಿಸಲು ಹೋಗಲಿಲ್ಲ. ಥೀಮು ತೆರೆದ. ತುಂಬ ಚೆನ್ನಾಗಿತ್ತು, ತನ್ನ ಕೈಯಲ್ಲಿ ಎಂದೂ ಆಗದಷ್ಟು. ಹೊಟ್ಟೆಯೊಳಗಿನ ಹಳೆಯ ಉರಿ ಮತ್ತೆ ಎದ್ದಿತು. ಅದರ ಪಾಡಿಗೆ ಅದು ಉರಿಯಲಿ ಅಂತ ಬಿಟ್ಟು, ಆಫೀಸಿನ ಹೊತ್ತಾಗುವವರೆಗೆ ಕೂತು ಒಂದೊಂದೇ ಪುಟ ನೋಡಿದ. ಎರಡು ತಪ್ಪು ಸಿಕ್ಕಿದವು. ಎರಡನ್ನೂ ಬರೆದು ಅವಳಿಗೆ ಕಳಿಸಿ, ಬಸ್ಸಿಗೆ ಹೊರಟ.