ಗಣಿ ವಕ್ತಾರನ ಚೀಟಿ

ಗಣಿ ಗುತ್ತಿಗೆದಾರ ಅಮರನಾಥ ಕಳಿಸಿದ್ದ ಹಾರವನ್ನು ಶಿವಕಾಂತಮ್ಮ ಸತ್ತ ಗಂಡನ ಎದೆಯ ಮೇಲಿಂದ ಕಿತ್ತು, ತಂದವನ ಮುಖಕ್ಕೇ ಎಸೆದಳು. ಆತ ಬಾಯಿ ತೆರೆಯುವಷ್ಟರಲ್ಲಿ ಮಗಳು ಲುಂಬಿನಿ ಅಂಗಳದಲ್ಲಿದ್ದ ಅಪ್ಪನ ಸುತ್ತಿಗೆ ಎತ್ತಿಕೊಂಡಿದ್ದಳು.

“ಕೊಂದವರ ಹೂವ ನಮಗ ಬ್ಯಾಡ! ನಡಿ, ಇಲ್ಲಂದ್ರ ನಿನ್ನ ತಲೀನೂ ಒಡೀತೀನಿ!”

ಬಂದ ಜನ ಆತನ ಕಾಲರು ಹಿಡಿದು ಹಾಸುಗಲ್ಲಿನ ರಾಶಿಗೆ ನೂಕಿದರು. ಹುಬ್ಬು ಒಡೆದು ರಕ್ತ ಇಳಿಯಿತು. ಅಂಬಾರಾಯ ನಡುವೆ ಹೋಗಿ ಬಿಡಿಸಿದ. ಸತ್ತವನ ಪಕ್ಷದ ಜಿಲ್ಲಾಧ್ಯಕ್ಷನೆಂದ ಮೇಲೆ ಅಷ್ಟಾದರೂ ಮಾಡಬೇಕಲ್ಲ. ನಿಜ ಹೇಳಬೇಕೆಂದರೆ ಅವನ ಕಣ್ಣು ಮತ್ತೆ ಮತ್ತೆ ರಸ್ತೆಯ ಕಡೆಗೇ ಹೋಗುತ್ತಿತ್ತು. ಅಮರನಾಥ ರಸ್ತೆಯಂಚಿಗೆ ಜೀಪು ನಿಲ್ಲಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದ.

ಶಹಾಬಾದಿನ ಕಲ್ಲು ಒಡೆಯುವ ಚಂದ್ರಾಮ ಮೊನ್ನೆ ವಾಡಿ ರಸ್ತೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಹಾರೆಯಿಂದ ಹೊಡೆದಿದ್ದರು. ಮುಖ ಗುರುತು ಸಿಗದಂತಾಗಿತ್ತು. ಹೆಬ್ಬೆರಳ ಮೇಲಿನ ಹಳೆಯ ಸುತ್ತಿಗೆ ಗಾಯ ನೋಡಿ ಲುಂಬಿನಿ ಅಪ್ಪನೆಂದು ಹೇಳಿದ್ದಳು.

“ಮೂವತ್ತು ವರ್ಷ ಕಲ್ಲ ಒಡದಾನ, ಒಬ್ಬರ ಮ್ಯಾಲ ಕೈ ಎತ್ತಿದಾಂವಲ್ಲ,” ಎಂದಳು ಪಕ್ಕದ ಮನೆಯ ದಾನಮ್ಮ. “ಇಪ್ಪತ್ತು ದಿನ ಪಕ್ಷದ ಗಣಿ ವಕ್ತಾರ ಆದ. ಜೀವಾನೇ ತಗೊಂಡ್ರು.”

ಅಂಬಾರಾಯ ತಲೆ ತಗ್ಗಿಸಿದ.

*

ಪಕ್ಷಕ್ಕೆ ಸಂಸತ್ತಿನಲ್ಲಿ ಇದ್ದದ್ದು ಒಂದೇ ಕುರ್ಚಿ, ಅದೂ ಹಿಂದಿನ ಸಾಲಿನಲ್ಲಿ. ಆದರೂ ವಿಷಯಕ್ಕೊಬ್ಬ ಸಂಸದೀಯ ವಕ್ತಾರ ಬೇಕೆಂಬ ಜಂಬಕ್ಕೇನೂ ಕಡಿಮೆಯಿರಲಿಲ್ಲ. ತನ್ನ ವಿಷಯದ ಪ್ರಶ್ನೆ ಬರೆದು ದಿಲ್ಲಿಗೆ ಕಳಿಸುವುದು, ಪತ್ರಿಕೆಯವರಿಗೆ ಉತ್ತರ ಕೊಡುವುದು ವಕ್ತಾರನ ಕೆಲಸ. ಖಾತೆಗಾಗಿ ಜಗಳವಾಗಬಾರದೆಂದು ತಂಬಿಗೆಯಲ್ಲಿ ಚೀಟಿ ಹಾಕಿ ಎತ್ತುತ್ತಿದ್ದರು. ಎತ್ತಿದವನು ಚೀಟಿಯ ಬೆನ್ನಿಗೆ ಅಲ್ಲೇ ಸಹಿ ಹಾಕಬೇಕು. ಆಮೇಲೆ ಬೇಡ ಎನ್ನುವಂತಿಲ್ಲ.

ಮೂರು ವಾರದ ಹಿಂದೆ ಸೇಡಂನ ಸಭೆಯಲ್ಲಿ ಅಂಬಾರಾಯನಿಗೆ ಗಣಿ ಬಂತು, ಚಂದ್ರಾಮನಿಗೆ ಕ್ರೀಡೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಂದ್ರಾಮ ಹುಟ್ಟಿದಾಗಿನಿಂದ ಚೆಂಡು ಮುಟ್ಟಿದವನಲ್ಲ.

ಅಂಬಾರಾಯ ಮಾತ್ರ ನಗಲಿಲ್ಲ. ಹಿಂದಿನ ವಾರ ಅವನಿಗೊಂದು ಫೋನು ಬಂದಿತ್ತು: “ಗಣಿ ಮಾತ ದಿಲ್ಲಿ ಮುಟ್ಟಿದ್ರ, ಮುಟ್ಟಿಸಿದಾಂವ ಉಳ್ಯಂಗಿಲ್ಲ.” ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಊಟದ ಹೊತ್ತಿಗೆ ಚಂದ್ರಾಮನನ್ನು ಬದಿಗೆ ಕರೆದ. “ಕಲ್ಲಿನ ಕಷ್ಟ ನಿನಗ ಗೊತ್ತದ, ನನಗೇನ್ ತಿಳೀತದ? ಚೀಟಿ ಅದಲಾಬದಲಿ ಮಾಡ್ಕೊಳ್ಳಣ.”

“ಸಹಿ ನಿಮ್ದದಲ್ರಿ?”

“ಅದನ್ನ ಯಾರ್ ನೋಡ್ತಾರ?”

ಚಂದ್ರಾಮನ ಮುಖ ಅರಳಿತು. “ನಮ್ಮ ಮಾತ ದಿಲ್ಲಿಗಿ ಹೋಗ್ತದಂದ್ರ ಭಾಳ ಆತ್ರಿ,” ಎಂದು ಚೀಟಿಯನ್ನು ಎದೆಯ ಜೇಬಿಗಿಟ್ಟು, ಮೇಲೆ ಎರಡು ಸಲ ತಟ್ಟಿಕೊಂಡ. ಅಂಬಾರಾಯನಿಗೆ ಆ ಹೊತ್ತು ಬದುಕಿದೆಯಾ ಬಡಜೀವವೇ ಅನಿಸಿತ್ತು.

*

ಬೌದ್ಧರ ತ್ರಿಸರಣ ಪಠಣ ಮುಗಿಯಿತು. ಹೆಣವನ್ನು ಕುಣಿಗೆ ಇಳಿಸಿದರು. ಪತ್ರಿಕೆಯವನೊಬ್ಬ ಅಂಬಾರಾಯನ ಬಾಯಿಗೆ ಮೊಬೈಲು ಹಿಡಿದ.

“ಗಣಿ ವಕ್ತಾರ ಇನ್ನ ಯಾರ್ರಿ?”

“ಸಭಾ ಕರೀತೀವಿ. ಮತ್ತ ಚೀಟಿ ಎತ್ತತೀವಿ.”

“ಎತ್ತೂದು ಬ್ಯಾಡ್ರಿ,” ಎಂದಳು ಶಿವಕಾಂತಮ್ಮ. ಬಿಳಿ ಸೀರೆಯ ಸೆರಗಿನ ಗಂಟು ಬಿಚ್ಚಿ, ರಕ್ತಕ್ಕೆ ಕಂದಾಗಿದ್ದ ಚೀಟಿ ತೆಗೆದಳು. “ದವಾಖಾನಿಯವ್ರು ಇವರ ಅಂಗಿ ಕೊಟ್ರು. ಜೇಬಿನ್ಯಾಗ ಇದಿತ್ತು. ಹಿಂದ ಯಾರ ಹೆಸರದಂತ ಲುಂಬಿನಿ ಓದಿ ಹೇಳ್ಯಾಳ.”

ಅವನ ಕೈ ಹಿಡಿದು ಅಂಗೈಯಲ್ಲಿ ಅದನ್ನು ಒತ್ತಿದಳು. “ನಿಮ್ದು ನೀವು ಇಟ್ಕೋರಿ.”

ಬೈದಿದ್ದರೆ, ಹೊಡೆದಿದ್ದರೆ ತಾಳಿಕೊಳ್ಳಬಹುದಿತ್ತು. ನಾಚಿಕೆಯಿಂದ ಅಂಬಾರಾಯನ ಕಿವಿ ಸುಟ್ಟವು. ಆ ನಾಚಿಕೆಗಿಂತಲೂ ಭಯ ದೊಡ್ಡದಾಗಿತ್ತು. ರಸ್ತೆಯಲ್ಲಿ ಅಮರನಾಥ ಜೀಪಿನಿಂದ ಇಳಿದು, ಇತ್ತಲೇ ನೋಡುತ್ತ ನಿಂತಿದ್ದ.

“ಮಣ್ಣ ಹಾಕ್ರಿ,” ಎಂದರು ಯಾರೋ.

ಅಂಬಾರಾಯ ಬಗ್ಗಿದ. ಚೀಟಿಯಿದ್ದ ಕೈಯಲ್ಲೇ ಮಣ್ಣು ಬಾಚಿ ಬಿಗಿಯಾಗಿ ಮುಷ್ಟಿ ಕಟ್ಟಿದ. ಮಣ್ಣಿನೊಂದಿಗೆ ಅದೂ ಹೋಗಿಬಿಟ್ಟರೆ ಸಾಕು. ಕುಣಿಯ ಮೇಲೆ ಕೈ ಚಾಚಿ ಬೆರಳು ಬಿಡಿಸಿದ.

ಮಣ್ಣು ಚಂದ್ರಾಮನ ಎದೆಯ ಮೇಲೆ ಬಿತ್ತು. ಬೆವರಿಗೆ ಅಂಟಿದ ಚೀಟಿ, ಸಹಿ ಹೊರಗೆ ಮಾಡಿಕೊಂಡು, ಎಲ್ಲರ ಕಣ್ಣೆದುರು ಅಂಬಾರಾಯನ ಅಂಗೈಯಲ್ಲೇ ಉಳಿಯಿತು.